ನಿಮ್ಮ ‘ಇತ್ಯಾದಿ’ಯೊಳಗೆ ನಮ್ಮತ್ತೆಯ ಅಂಗೈ

ನಮ್ಮ ಕಟ್ಟಡದ ಕಚೇರಿಯಲ್ಲಿ ದೂರುಗಳನ್ನು ವಿಂಗಡಿಸುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಮ್ಮತ್ತೆ ಗುರುಬಸವ್ವ ಜೋಳದ ರೊಟ್ಟಿ ಬಡಿಯುತ್ತಾರೆ. ಅಷ್ಟಕ್ಕೇ ನೀವು ನಮ್ಮನ್ನು ಥಾರ್ನ್‌ಕ್ಲಿಫ್ ಪಾರ್ಕಿನ ಈ ಬಾಡಿಗೆ ಮನೆಯಿಂದ ಹೊರಗೆ ಹಾಕಲು ಹೊರಟಿದ್ದೀರಿ. ನಿಮ್ಮ ನೋಟಿಸಿನಲ್ಲಿ ಹುಡುಕಿದರೂ ರೊಟ್ಟಿ ಎಂಬ ಪದ ಸಿಗುವುದಿಲ್ಲ. ಅಲ್ಲಿರುವುದು ‘ಅನುಮತಿಯಿಲ್ಲದ ನಿರ್ಮಾಣ ಕಾಮಗಾರಿ’, ‘ವಾಸದ ಮನೆಯಲ್ಲಿ ವಾಣಿಜ್ಯ ಚಟುವಟಿಕೆ’ ಮತ್ತು ‘ಸಿಬ್ಬಂದಿಗೆ ಆಮಿಷ’. ಓದಿದವರಿಗೆ ನಮ್ಮ ಮನೆಯಲ್ಲಿ ಒಬ್ಬ ಕಂಟ್ರಾಕ್ಟರು, ಒಬ್ಬ ವ್ಯಾಪಾರಿ, ಒಬ್ಬ ದಲ್ಲಾಳಿ ಸೇರಿಕೊಂಡು ದಂಧೆ ನಡೆಸುತ್ತಿದ್ದಾರೆ ಅನ್ನಿಸಬೇಕು. ಮೂವರೂ ಒಬ್ಬರೇ ಸ್ವಾಮಿ: ಗದಗ ಕಡೆಯಿಂದ ಈ ಪರದೇಶಕ್ಕೆ ಬಂದ, ಮೊಣಕಾಲು ನೋವಿನ ಒಬ್ಬ ಹೆಂಗಸು. ಈ ತಿಂಗಳ ಕೊನೆಗೆ ವಿಚಾರಣೆ ಇದೆ. ಅಲ್ಲಿ ನೀವಿಟ್ಟ ಹೆಸರುಗಳೇ ನಿಂತರೆ ನಮಗೆ ಮನೆ ಇರುವುದಿಲ್ಲ.

ಇದನ್ನು ಕನ್ನಡದಲ್ಲಿ, ನಮ್ಮ ಸಂಘದ ಪತ್ರಿಕೆಗೆ ಏಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ಇಂಗ್ಲಿಷಿನಲ್ಲಿ ಬರೆದು ಸಾಕಾಗಿದೆ. ಪ್ರತಿ ಸಲವೂ ಬಂದದ್ದು ಒಂದೇ ಉತ್ತರ: ‘ನಿಮ್ಮ ಪತ್ರ ಯಾವ ವರ್ಗಕ್ಕೆ ಸೇರುತ್ತದೆ, ದಯವಿಟ್ಟು ಆಯ್ಕೆ ಮಾಡಿ.’ ನಿಮ್ಮ ವರ್ಗಗಳೇ ತಪ್ಪು ಎಂದು ಹೇಳುವ ಪತ್ರ ಯಾವ ವರ್ಗಕ್ಕೆ ಸೇರುತ್ತದೆ, ನೀವೇ ಹೇಳಿ. ನಿಮ್ಮ ಕಚೇರಿಯ ಬಾಗಿಲಲ್ಲಿ ‘ನಿಮ್ಮ ಭಾಷೆಯಲ್ಲೇ ನೆರವು’ ಎಂಬ ಬೋರ್ಡಿದೆ. ಅದರಡಿ ಭಾಷೆಗಳ ಉದ್ದನೆಯ ಪಟ್ಟಿ, ಕೊನೆಗೆ ‘ಮತ್ತು ಇತರೆ’. ಆ ಇತರೆ ನಾವೇ ಇರಬೇಕು ಎಂದುಕೊಂಡು ಬರೆದಿದ್ದೇನೆ. ಯಾರಿಂದಲಾದರೂ ಓದಿಸಿಕೊಳ್ಳಿ.

ಕೆಳಗಿನ ಮನೆಯ ಫರೀದಾ ಆಸ್ಪತ್ರೆಯಲ್ಲಿ ನೈಟ್ ಶಿಫ್ಟು ಮಾಡುವವರು. ಅವರು ಬೆಳಿಗ್ಗೆ ಬಂದು ಮಲಗುವ ಹೊತ್ತಿಗೆ ಸರಿಯಾಗಿ ಮೇಲೆ ಧಪಧಪ ಶುರುವಾಗುತ್ತಿತ್ತು. ನಿದ್ದೆಗೆಟ್ಟವರಿಗೆ ಸಿಟ್ಟು ಬರುವುದು ಸಹಜ, ಅವರು ದೂರು ಕೊಟ್ಟದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ವೆಬ್‌ಸೈಟು ಅವರಿಗೆ ಕೊಟ್ಟ ಸದ್ದುಗಳು ನಾಲ್ಕೇ: ಸಂಗೀತ, ಪಾರ್ಟಿ, ನಾಯಿ, ನಿರ್ಮಾಣ. ಒಂದನ್ನು ಒತ್ತದೆ ಮುಂದಕ್ಕೆ ಬಿಡುವುದಿಲ್ಲ. ಫರೀದಾ ಕಣ್ಣುಜ್ಜಿಕೊಂಡು ನಿರ್ಮಾಣ ಒತ್ತಿದರು. ಆಮೇಲೆ ನನಗೆ ಸಿಕ್ಕಾಗ ಮುಖ ಸಣ್ಣದು ಮಾಡಿಕೊಂಡು, “ಮೈ ಕ್ಯಾ ಕರ್ತೀ ಐಶ್ವರ್ಯಾ? ಪಾರ್ಟಿ ತೊ ನಹೀ ಥೀ, ಕುತ್ತಾ ಭೀ ನಹೀ ಥಾ,” ಅಂದರು. ಪಾರ್ಟಿಯೂ ಅಲ್ಲ, ನಾಯಿಯೂ ಅಲ್ಲ, ಇನ್ನೇನು ಒತ್ತಲಿ ಎಂಬುದು ಅವರ ಅಳಲು.

ಅವರನ್ನು ಮೇಲಕ್ಕೆ ಕರೆದೆ. ಅಡುಗೆಮನೆಯಲ್ಲಿ ಕೂತು, ನಮ್ಮತ್ತೆ ಜೋಳದ ಹಿಟ್ಟಿನ ಉಂಡೆಯನ್ನು ಮಣೆಯ ಮೇಲೆ ಅಂಗೈಯಿಂದ ಬಡಿದು ಬಡಿದು ಅಗಲ ಮಾಡುವುದನ್ನು ನೋಡಿದರು. ಲಟ್ಟಣಿಗೆ ಹಿಡಿಯಬಾರದೇ ಎಂದು ಕೇಳಿದರು. ಲಟ್ಟಿಸಿದರೆ ಈ ಹಿಟ್ಟು ಹರಿಯುತ್ತದೆ, ನಮ್ಮತ್ತೆಗೆ ಬಂದಿರುವ ರೊಟ್ಟಿ ಇದೇ, ಎಂದೆ. ಬಿಸಿ ರೊಟ್ಟಿ, ಬೆಣ್ಣೆ ತಿಂದರು. ಅಲ್ಲೇ ತೀರ್ಮಾನವೂ ಆಯಿತು: ಇನ್ನು ಮೇಲೆ ರೊಟ್ಟಿ ಫರೀದಾ ಎದ್ದ ಮೇಲೆ, ಮಧ್ಯಾಹ್ನ, ಮಣೆಯ ಕೆಳಗೆ ಮಡಚಿದ ಕೌದಿ. ನೆರೆಹೊರೆಯವರು ಬಗೆಹರಿಸಿಕೊಳ್ಳುವುದು ಹೀಗೆ. ಮರುದಿನವೇ ಅವರು ದೂರು ವಾಪಸು ಪಡೆಯಲು ಹೋದರೆ ನಿಮ್ಮ ಪಟ್ಟಿಯಲ್ಲಿ ‘ಕ್ರಮ ಕೈಗೊಳ್ಳಲಾಗಿದೆ’, ‘ಕ್ರಮ ಬಾಕಿ ಇದೆ’ ಎಂಬ ಎರಡೇ ಗೂಡು. ‘ಅವರವರೇ ಮಾತಾಡಿಕೊಂಡರು’ ಎಂಬುದಕ್ಕೆ ಜಾಗವಿಲ್ಲ. ಮನುಷ್ಯರು ಮಾತಾಡಿಕೊಳ್ಳಬಹುದು ಎಂದು ನಿಮಗೆ ಹೊಳೆದೇ ಇಲ್ಲವೇ?

ನಾನು ಬಾಡಿಗೆ ಕರಾರು ತೆಗೆದು ಓದಿದೆ. ‘ಡ್ರಿಲ್, ಸುತ್ತಿಗೆ, ಗರಗಸ ಇತ್ಯಾದಿಗಳ ಬಳಕೆ ನಿಷಿದ್ಧ’ ಎಂದಿದೆ. ನೀವು ನಮ್ಮತ್ತೆಯ ಕೈಯನ್ನು ತುರುಕಿರುವುದು ಈ ಇತ್ಯಾದಿಯೊಳಗೆ. ಇತ್ಯಾದಿ ಎನ್ನುವ ಪದಕ್ಕೂ ಒಂದು ಮರ್ಯಾದೆ ಇದೆ ಸ್ವಾಮಿ. ಅದರ ಹಿಂದೆ ನಿಂತವರು ಯಾರೋ, ಅದರೊಳಗೆ ಬರುವವರೂ ಅವರ ಪೈಕಿಯವರೇ ಆಗಿರಬೇಕು. ‘ಬದನೆ, ಬೆಂಡೆ, ಹೀರೆ ಇತ್ಯಾದಿ’ ತನ್ನಿ ಎಂದು ಚೀಟಿ ಕೊಟ್ಟರೆ ನೀವು ಚಪ್ಪಲಿ ತಂದು ಸಂಚಿಗೆ ಹಾಕುತ್ತೀರೇನು? ಮುಂತಾದ, ವಗೈರೆ, ಇತರೆ — ಬರೆಯುವವನಿಗೆ ದಣಿವಾದಾಗ ಓದುವವನ ಬುದ್ಧಿಯನ್ನು ನಂಬಿ ಬಿಡುವ ಪದಗಳು ಇವು. ನೀವು ಆ ನಂಬಿಕೆಯನ್ನೇ ಬಲೆ ಮಾಡಿದ್ದೀರಿ. ಕಂಡದ್ದನ್ನೆಲ್ಲ ಅದರೊಳಗೆ ಎಳೆದುಕೊಂಡು ಕಡೆಗೆ ‘ನಿಯಮ’ ಎನ್ನುತ್ತೀರಿ.

ವಿಂಗಡಿಸುವ ಕೆಲಸ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ನಾರ್ತ್ ಯಾರ್ಕಿನ ಒಂದು ಔಷಧಿ ಅಂಗಡಿಯಲ್ಲಿ ದಿನವಿಡೀ ಅದನ್ನೇ ಮಾಡುತ್ತೇನೆ. ಗುರುತು ಸಿಗದ ಗುಳಿಗೆ ಕಂಡರೆ, ಬಣ್ಣ ಒಂದೇ ಇದೆ ಎಂದು ಹತ್ತಿರದ ಡಬ್ಬಿಗೆ ಹಾಕಿಬಿಡುವುದಿಲ್ಲ. ಪಕ್ಕಕ್ಕಿಟ್ಟು ಯಾರನ್ನಾದರೂ ಕೇಳುತ್ತೇವೆ. ನಿಮ್ಮ ಕಚೇರಿಯಿಂದ ನಮ್ಮ ಬಾಗಿಲಿಗೆ ಲಿಫ್ಟಿದೆ. ನೀವು ಒಮ್ಮೆಯಾದರೂ ಬಂದು ನೋಡಿದಿರೇ?

ಬರಲಿಲ್ಲ, ಕ್ಯಾಮೆರಾ ನೋಡಿದಿರಿ. ಅದರಲ್ಲಿ ನಮ್ಮ ಮನೆಗೆ ಜನ ಡಬ್ಬಿ ಹಿಡಿದು ಬರುವುದೂ ಹೋಗುವುದೂ ಕಂಡಿತಂತೆ. ಹೌದು, ಬರುತ್ತಾರೆ. ಇದೇ ಕಟ್ಟಡದಲ್ಲಿರುವ, ನಮ್ಮ ಕಡೆಯವನೇ ಆದ ಈರೇಶನ ಹೆಂಡತಿ ಬಾಣಂತಿ. ಅವಳಿಗೆ ರೊಟ್ಟಿ ಒಯ್ಯುತ್ತಾನೆ. ಡಬ್ಬಿ ತಿರುಗಿ ಬರುವಾಗ ಅದರಲ್ಲಿ ಮೊಸರಿರುತ್ತದೆ, ಇಲ್ಲವೇ ಒಂದು ಹಿಡಿ ಸಕ್ಕರೆ. ನಮ್ಮಲ್ಲಿ ಖಾಲಿ ಡಬ್ಬಿ ವಾಪಸು ಕೊಡುವ ರೂಢಿಯಿಲ್ಲ, ಕೊಡುವವರಿಗೇ ಮುಜುಗರ. ಇದಕ್ಕೆ ನೀವಿಟ್ಟ ಹೆಸರು ವಾಣಿಜ್ಯ. ಒಂದು ಹಿಡಿ ಸಕ್ಕರೆ ಕಂಡು ಅಂಗಡಿ ತೆರೆದಿದ್ದಾರೆ ಎನ್ನುವ ನಿಮ್ಮ ಊರಿನಲ್ಲಿ ಯಾರೂ ಯಾರಿಗೂ ಏನನ್ನೂ ಕೊಡುವುದಿಲ್ಲವೇ?

ಇನ್ನು ಆಮಿಷ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನೀವು ಕರೆಸಿದ ದಿನ ನಮ್ಮತ್ತೆ ಇಳಕಲ್ ಸೀರೆಯುಟ್ಟು, ಬಿಳಿ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟರು. ಬೇಡ ಅಂದೆ. “ದೊಡ್ಡವ್ರ ಕಡೆ ಹೊಂಟೀವಿ, ಬರಿಗೈಲೆ ಹ್ಯಾಂಗ ಹೋಗೂದವಾ?” ಅಂದರು. ನಿಮ್ಮ ಮೇಜಿನ ಮೇಲೆ ಗಂಟು ಬಿಚ್ಚಿ, “ತಗೋರಿ ಸಾಹೇಬ್ರ, ತಿಂದ ನೋಡ್ರಿ. ಇದರದ ಸಪ್ಪಳ ಅದು,” ಅಂದರು. ನೀವು ಕುರ್ಚಿ ಹಿಂದಕ್ಕೆ ಸರಿಸಿ ಟೈಪ್ ಮಾಡತೊಡಗಿದಿರಿ. ತಮ್ಮ ಮಾತನ್ನೇ ಬರೆದುಕೊಳ್ಳುತ್ತಿದ್ದೀರಿ ಎಂದುಕೊಂಡು ಅವರು, ನಿಮಗೆ ಅನುಕೂಲವಾಗಲೆಂದು, ಒಂದೊಂದೇ ಪದ ಬಿಡಿಸಿ ನಿಧಾನವಾಗಿ ಹೇಳಿದರು. ಹಿಟ್ಟಿಗೆ ಬಿಸಿನೀರೇ ಆಗಬೇಕು ಎಂಬುದನ್ನೂ ಹೇಳಿದರು. ನೀವು ಬರೆದದ್ದೇನೆಂದು ನೋಟಿಸು ಬಂದ ಮೇಲೆ ತಿಳಿಯಿತು. ಅದರ ಅರ್ಥವನ್ನು ಅವರಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನು. ‘ಲಂಚ’ ಎಂಬ ಪದ ನನ್ನ ಬಾಯಿಂದ ಹೊರಡಲಿಲ್ಲ, ಏನೋ ಹೇಳಿ ತೇಲಿಸಿದೆ. ಅವರಿಗೆ ತಿಳಿಯದೆ ಇರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಮಣೆ ಕೆಳಗಿಳಿದಿಲ್ಲ. ಮೊನ್ನೆ ಅತ್ತೆ ಅಂಗಡಿಯಿಂದ ಪ್ಯಾಕೆಟಿನ ಮೆತ್ತನೆಯ ರೊಟ್ಟಿ ತರಿಸಿ ಬಡಿಸಿದರು. ನನ್ನ ಗಂಡ ನಿಜಗುಣ ತಟ್ಟೆ ಮುಟ್ಟಲಿಲ್ಲ. “ಯವ್ವಾ, ನೀ ಬಡಿ. ಏನ್ ಬರ್ತೈತೋ ಬರ್ಲಿ,” ಅಂದ.

ಅವರು ಇನ್ನೊಂದು ಪ್ಯಾಕೆಟ್ ಒಡೆಯುತ್ತಾ, “ಮನಿ ಹೋದಮ್ಯಾಲ ಎಲ್ಲೆ ಬಡೀಲೋ ಯಪ್ಪಾ?” ಅಂದರು. ಕಡೆಗೆ ಮೂವರೂ ಅದನ್ನೇ ಉಂಡು ಎದ್ದೆವು.

ಆದ್ದರಿಂದ ನನ್ನ ಬೇಡಿಕೆ ಇದು. ವಿನಂತಿ ಎಂದು ದಾಖಲಿಸಬೇಡಿ. ವಿಚಾರಣೆಗೆ ಮುಂಚೆ ನೋಟಿಸು ವಾಪಸು ತೆಗೆದುಕೊಳ್ಳಿ. ಆ ಮೂರು ಹೆಸರುಗಳನ್ನು ಅಳಿಸಿ, ಅಳಿಸಿದ್ದೇವೆ ಎಂದು ನಮ್ಮತ್ತೆಯ ಹೆಸರಿಗೇ ಬರೆದು ತಿಳಿಸಿ. ಅವುಗಳ ಜಾಗದಲ್ಲಿ ‘ಗುರುಬಸವ್ವ ತಮ್ಮ ಮನೆಯಲ್ಲಿ ಅಡುಗೆ ಮಾಡುತ್ತಾರೆ’ ಎಂದು ಬರೆಯಿರಿ. ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಗೂಡಿಲ್ಲ ಎನ್ನುವುದಾದರೆ, ಹೊಸದೊಂದು ಗೂಡು ಮಾಡಿ. ನೀವು ಸಂಬಳ ತೆಗೆದುಕೊಳ್ಳುತ್ತಿರುವುದು ಅದಕ್ಕೇ. ಮಾಡದಿದ್ದರೆ ವಿಚಾರಣೆಗೆ ನಾವೂ ಬರುತ್ತೇವೆ, ಫರೀದಾರೂ ಬರುತ್ತಾರೆ. ರಜೆ ಹಾಕಿಯಾಗಿದೆ.

ಇಂತಿ,
ನಿಮ್ಮ ಕಡತದಲ್ಲಿ ‘ವಾಸವಿರುವ ಹೆಚ್ಚುವರಿ ವ್ಯಕ್ತಿ’ ಎಂದಷ್ಟೇ ನಮೂದಾಗಿರುವ,
ಆ ಮನೆಯ ಸೊಸೆ ಐಶ್ವರ್ಯಾ