ಕಾವರಿವನ್ನು ಮೂಲೆಗೆ ತಳ್ಳಿದವರಿಗೆ

ಒಂಬತ್ತನೇ ಮಜಲು, ಕೋಲಾರದ ಹಳೆಯ ಚಿನ್ನದ ಗಣಿ
ಗಣಿಶಕ ೨೧೮, ಎರಡನೆಯ ಬೇಸಗೆ, ನಲವತ್ತೊಂದನೇ ದಿನ

‘ಇಟ್ಟ ಹಾಗೆ ಇರುವುದೇ ಚೆಲುವು’ ಎಂದು ಒಂದು ಹಳೆಯ ಸಾಲು. ಅದರ ಹಿಂದುಮುಂದು ನೆನಪಿಲ್ಲ. ‘ಚೆಲುವು’ ಎಂದಿತ್ತೋ ‘ಗೆಲುವು’ ಎಂದಿತ್ತೋ, ಅದೂ ಖಚಿತವಿಲ್ಲ. ಚಿಕ್ಕಂದಿನಲ್ಲಿ ಅದನ್ನು ಹೇಳಿಕೊಂಡು ಪಾತ್ರೆ ಜೋಡಿಸುತ್ತಿದ್ದೆ. ಈಗ ಕೇಳಬೇಕೆನಿಸುತ್ತದೆ: ಇಟ್ಟವರು ಯಾರು? ಇಡುವಾಗ ಅವರ ಗಮನ ಎಲ್ಲಿತ್ತು?

ಇಟ್ಟವರು ನೀವು, ಕಂಪ್ಯೂಟರ್ ಚಿಪ್ಪಿನ ವಿನ್ಯಾಸಕರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಡತಗಳಿಂದ. ಬೇರೆ ಯಾವುದಕ್ಕೂ ಕ್ಷಮೆ ಕೇಳುವುದಿಲ್ಲ.

ನೆಲದ ಮೇಲೆ ಈಗ ವರ್ಷಕ್ಕೆ ಎರಡು ಬೇಸಗೆ. ಆದ್ದರಿಂದ ಗಣಿಯೊಳಗೆ ಗೂಡು ಕೊರೆದುಕೊಂಡಿದ್ದೇವೆ, ಗೂಡೆಂದರೆ ಮನೆ. ರಾಗಿಯನ್ನು ದೀಪದ ಕೆಳಗೆ ಬೆಳೆಯುತ್ತೇವೆ. ಓಣಿಗೆ ಒಂದೇ ಒಲೆ, ಸರದಿಯ ಮೇಲೆ ಅಡುಗೆ. ಓಣಿಗೆ ಒಂದೇ ಉಸಿರುಪೆಟ್ಟಿಗೆ: ಮೇಲಿನ ಗಾಳಿಯನ್ನು ಎಳೆದು, ಸೋಸಿ, ತಣಿಸಿ ಒಳಗೆ ಬಿಡುವ ಯಂತ್ರ. ಮಕ್ಕಳು ಎದ್ದೊಡನೆ ಅದರ ಬಾಯಿಗೆ ಅಂಗೈ ಹಿಡಿದು ನೋಡುತ್ತಾರೆ, ಹಲ್ಲುಜ್ಜುವುದು ಆಮೇಲೆ. ಆ ಪೆಟ್ಟಿಗೆಯನ್ನು ನಡೆಸುವುದು ನಿಮ್ಮ ಚಿಪ್ಪು. ಹೊಸದನ್ನು ರಚಿಸುವ ವಿದ್ಯೆ ನಮ್ಮಲ್ಲಿ ಉಳಿದಿಲ್ಲ. ನಿಮ್ಮ ಜಾಗಪಟವನ್ನು, ಅಂದರೆ ಚಿಪ್ಪಿನ ಯಾವ ಭಾಗ ಎಲ್ಲಿ ಕೂರಬೇಕೆಂಬ ನಕ್ಷೆಯನ್ನು, ಗೆರೆ ತಪ್ಪದೆ ನಕಲು ಮಾಡಿ ಅಚ್ಚು ಹಾಕುತ್ತೇವೆ.

ಮಧ್ಯಾಹ್ನ ಬಿಸಿಲೇರಿದಾಗ ಪೆಟ್ಟಿಗೆ ಒಮ್ಮೆಲೇ ನಿಲ್ಲುತ್ತದೆ. ಆಗ ಎಲ್ಲರೂ ನೆಲಕ್ಕೆ ಮಲಗಿ, ಮಾತಾಡದೆ, ಸಣ್ಣಗೆ ಉಸಿರಾಡಬೇಕು. ಇದಕ್ಕೆ ‘ಅಡ್ಜಸ್ಟು’ ಎನ್ನುತ್ತೇವೆ. ಮಗುವಿಗೆ ಮೂರು ತುಂಬಿದಾಗ ಅಡ್ಜಸ್ಟು ಕಲಿಸಿ ಬೆಲ್ಲ ಹಂಚುತ್ತೇವೆ. ಇದನ್ನು ವಿಧಿಸಿದವಳು ಸದ್ಯಕ್ಕ ಎಂಬ ದೇವತೆ. ಪೆಟ್ಟಿಗೆಯ ಪಕ್ಕದ ಗೋಡೆಯಲ್ಲಿ ಅವಳಿಗೊಂದು ದೀಪವಿದೆ. ಜಾಗಪಟದ ಅಂಚಿನಲ್ಲಿ ಅವಳ ಆಜ್ಞೆ ಇದೆಯೆಂದು ಹಿರಿಯರು ಹೇಳುತ್ತಾ ಬಂದರು. ಹಳೆಯ ಲಿಪಿ ಕಲಿತ ಮೇಲೆ ಆ ಆಜ್ಞೆಯನ್ನು ನಾನು ಪೂರ್ತಿ ಓದಿದೆ:

“ವೈರಿಂಗ್‌ಗೆ ಜಾಗ ಸಾಲ್ತಿಲ್ಲ. ಟೆಂಪರೇಚರ್ ಸೆನ್ಸರ್ ಮೂಲೆಗೆ ಹಾಕಿದೀನಿ. ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಿ ಗುರು, ಮುಂದಿನ ಸಲ ಸರಿ ಮಾಡೋಣ.”

ಸದ್ಯಕ್ಕೆ! ನಮ್ಮ ಮಾತಿನಲ್ಲಿ ಆ ಪದ ಸತ್ತಿದೆ. ಅದನ್ನು ಒಬ್ಬ ಅಕ್ಕನ ಹೆಸರೆಂದು ಓದಿ, ಏಳು ತಲೆಮಾರು ಅವಳಿಗೆ ಎಣ್ಣೆ ಸುರಿದೆವು.

ನೀವು ಸೆನ್ಸರ್ ಎಂದದ್ದು ನಮಗೆ ಕಾವರಿವು. ಅದು ಇರಬೇಕಾದದ್ದು ಲೆಕ್ಕ ಹಾಕುವ ಭಾಗದ ಮಗ್ಗುಲಲ್ಲಿ, ಏಕೆಂದರೆ ಚಿಪ್ಪು ಕುದಿಯುವುದು ಅಲ್ಲಿ. ಮೂಲೆಯಲ್ಲಿ ಕುಳಿತು ಅದು ಎಲ್ಲ ತಣ್ಣಗಿದೆ ಎಂದು ಹೇಳುತ್ತಲೇ ಇರುತ್ತದೆ. ಹಾಗಾಗಿ ಪೆಟ್ಟಿಗೆ ನಿಧಾನಿಸುವುದಿಲ್ಲ, ಕಡೆಗೆ ಕುಸಿದು ನಿಲ್ಲುತ್ತದೆ. ತಣ್ಣನೆಯ ಕೋಣೆಯಲ್ಲಿ ಕೂತವರು ಕಾವಿನ ಜಾಗ ಮರೆತಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಮರೆಯಲಿಲ್ಲವಲ್ಲ, ಗೊತ್ತಿದ್ದೂ ಬರೆದಿಟ್ಟು ಎದ್ದು ಹೋದಿರಲ್ಲ, ಅದಕ್ಕೆ ನಿಮ್ಮ ಮೇಲೆ ನನಗೆ ಹೇಸಿಗೆ.

ಕಾವರಿವನ್ನು ನಾನು ಸರಿಸಿದ್ದೇನೆ. ಮೂವರ ಚಾಪೆಯಲ್ಲಿ ನಾಲ್ಕನೆಯವರನ್ನು ಮಲಗಿಸುವ ಕೆಲಸ ಅದು. ಇದನ್ನು ತಂದರೆ ನೆನಪಿನ ಭಾಗ ಹೊರಗೆ ಜಾರುತ್ತದೆ, ಅದನ್ನು ಒಳಗೆಳೆದರೆ ತಂತಿಯ ದಾರಿ ಸುತ್ತುಬಳಸಾಗುತ್ತದೆ. ಕೂದಲೆಳೆಯ ಹತ್ತನೇ ಒಂದು ಪಾಲಿನಷ್ಟು ಜರುಗಿಸಿ, ನೋಡಿ, ಮತ್ತೆ ಜರುಗಿಸಿ, ನನಗೆ ನಾಲ್ಕು ತಿಂಗಳು ಹಿಡಿಯಿತು. ಪಟ ಕೈಯಲ್ಲಿದ್ದಾಗ ನಿಮಗೆ ಅದು ಒಂದು ಮಧ್ಯಾಹ್ನದ ಕೆಲಸ.

ನನಗೆ ಅವಸರವಿತ್ತು. ನನ್ನ ಅಕ್ಕ ಮುನಿಲಚ್ಚಿಯ ಶ್ವಾಸಕೋಶ ಸೋತಿದೆ. ಪೆಟ್ಟಿಗೆ ಮೊದಲು ಹತ್ತು ನಿಮಿಷ ನಿಲ್ಲುತ್ತಿತ್ತು, ಈ ಬೇಸಗೆ ಇಪ್ಪತ್ತು. ನಿನ್ನೆ ಅವಳ ತುಟಿ ನೀಲಿಯಾಯಿತು. ಎಚ್ಚರಾದಾಗ “ಸತ್ತೆ ಅಂದ್ಕೊಂಡ್ಯಾ? ನಿನ್ನ ಸಾರು ಉಂಡೇ ಸಾಯ್ಲಿಲ್ಲ, ಇದಕ್ಕೆ ಸಾಯ್ತೀನಾ” ಎಂದಳು. ಇನ್ನೊಂದು ಅಡ್ಜಸ್ಟು ಅವಳು ತಡೆಯಲಾರಳು.

ಹೊಸ ಅಚ್ಚು ನಿನ್ನೆ ಸಿದ್ಧವಾಯಿತು. ಅದನ್ನು ಕೂರಿಸಲು ಪೆಟ್ಟಿಗೆ ಬಿಚ್ಚಬೇಕು, ಒಂದು ಗಂಟೆ ಓಣಿಗೆ ಗಾಳಿ ಇರುವುದಿಲ್ಲ. ಅಷ್ಟು ಹೊತ್ತು ಏಳು ಜನ ಸೇರಿ ಹಳೆಯ ಚರ್ಮದ ತಿದಿ ಒತ್ತಿ ಗಾಳಿ ತುಂಬಬೇಕು. ಮಜಲಿನ ಯಜಮಾನ ಪಿಳ್ಳಪ್ಪ ಓಣಿಯೆದುರು ನಕ್ಕ: “ನಮ್ ತಾತ ಅಡ್ಜಸ್ಟ್ ಆದ, ನಮ್ಮಪ್ಪ ಅಡ್ಜಸ್ಟ್ ಆದ. ನಿಮ್ಮಕ್ಕ ಏನ್ ಮೇಲಿಂದ ಇಳಿದ್ ಬಂದವ್ಳಾ? ನಾಲ್ಕಕ್ಷರ ಓದ್ಬುಟ್ಟು ಸದ್ಯಕ್ಕನ್ನೇ ಇಲ್ಲ ಅಂತೀಯಲ್ಲಮ್ಮ!” ಯಾರೂ ಮುಂದೆ ಬರಲಿಲ್ಲ. ಅವರ ಮೇಲೂ ನನಗೆ ಸಿಟ್ಟಿದೆ, ಆದರೆ ಅವರಿಗೆ ಸುಳ್ಳು ಕಲಿಸಿದವರು ನೀವು.

ಈಗ ಹನ್ನೊಂದು ಗಂಟೆ. ಬಿಸಿಲೇರಲು ಇನ್ನೆರಡು ಗಂಟೆ ಇದೆ. ಅಕ್ಕನನ್ನು ಪಕ್ಕದ ಓಣಿಗೆ ಹೊತ್ತೊಯ್ದು ಮಲಗಿಸಿ, ಒಬ್ಬಳೇ ಆದರೂ ಬಿಚ್ಚುತ್ತೇನೆ. ನಿಮ್ಮಲ್ಲಿ ಕೇಳುವುದು ಇಷ್ಟೇ: ಇವತ್ತು ನಿಮ್ಮ ಮುಂದೆ ಒಂದು ಪಟ ಬಿಚ್ಚಿದೆ. ಎದ್ದು ಹೋಗುವ ಮೊದಲು ಅದರಲ್ಲಿ ಯಾವುದನ್ನು ಮೂಲೆಗೆ ತಳ್ಳಿದಿರೆಂದು ನೋಡಿ. ‘ಮುಂದಿನ ಸಲ’ ಎಂದು ನೀವು ಕರೆಯುವ ಜಾಗದಲ್ಲಿ ನಾವು ಮಲಗಿ ಉಸಿರು ಹಿಡಿದಿದ್ದೇವೆ.

ಬಾಗಿಲ ಸದ್ದಾಯಿತು. ಪಕ್ಕದ ಗೂಡಿನ ಅಂಜಿನಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾಳೆ. “ಅಕ್ಕಾ, ಬರ್ದಿದ್ ಸಾಕು, ಎದ್ದೇಳಿ. ತಿದಿ ಹತ್ರ ಆರು ಜನ ನಿಂತವ್ರೆ. ಏಳನೇವ್ನು ಪಿಳ್ಳಪ್ಪ. ನಿಮ್ಮನ್ನ ಬಯ್ಕೊಂಡೇ ಒತ್ತುತಾನಂತೆ.”