ಕುರಿ ತೊಳೆದ ನೀರು

ಐಮಂಗಲ
14-11-2024, ಗುರುವಾರ

ಮಗಳು ಕಾವ್ಯಶ್ರೀಗೆ ನಿಮ್ಮಪ್ಪನ ಆಶೀರ್ವಾದ.

ನೀನು ಎರಡು ಸಲ ಫೋನ್ ಮಾಡಿ ಕೆರೆ ಹೆಂಗೈತೆ ಅಂತ ಕೇಳಿದೆ. ನಾನು ಚೆನ್ನಾಗೈತೆ ಅಂದೆ. ಸುಳ್ಳು ಹೇಳಿದೆ ಕಣವ್ವ. ನಿಮ್ಮಮ್ಮ ಪಕ್ಕದಲ್ಲೇ ನಿಂತು ಕಣ್ಣು ಬಿಡ್ತಿದ್ಲು. ಅದಕ್ಕೇ ತಡವಾದ್ರೂ ಈ ಕಾಗದ.

ಕೆರೆ ಮೀನೆಲ್ಲ ಸತ್ತವೆ. ಸೋಮವಾರ ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲ್ತಿದ್ದವು. ಮೀನು ಗುತ್ತಿಗೆ ಹಿಡಿದಿರೋ ಕಲ್ಲೇಶ, ಸಾಕಿದ ಮರಿ ತಿನ್ನೋ ಕಾಡುಮೀನು ಸಾಯಿಸೋಕೆ ವಿಷ ಬಿಟ್ಟ ಅಂತ ಊರೆಲ್ಲ ಅವನ ಮೇಲೆ ಬಿದ್ದೈತೆ. ಭಾನುವಾರ ಕಟ್ಟೆ ಮೇಲೆ ಪಂಚಾಯ್ತಿ. ಅವನನ್ನ ಊರು ಬಿಡಿಸ್ತಾರಂತೆ.

ವಿಷ ಅವನದಲ್ಲ, ನಂದು. ದಸರಾ ಕಳೆದ ಮೇಲೆ ಕುರಿಗೆ ರಕ್ತ ಹೀರೋ ಉಣುಗು ಸಾಯೋ ಔಷಧಿ ಹಚ್ಚಿದ್ನಲ್ಲ, "ಹದಿನೈದು ದಿನ ಕೆರೆಗೆ ಇಳಿಸಬ್ಯಾಡಪ್ಪ" ಅಂತ ನೀನು ಹೇಳಿಹೋಗಿದ್ದೆ. ತುಪ್ಪಳ ಕತ್ತರಿಸೋ ಮುಂಚೆ ಕುರಿ ತೊಳೆಯೋದು ನಮ್ಮಪ್ಪನ ಕಾಲದ ಪದ್ಧತಿ, ನಿನ್ನೆ ಮೊನ್ನೆ ಕಾಲೇಜಿಗೆ ಹೋದೋಳು ನನಗೆ ಹೇಳ್ತಾಳಾ ಅಂತ ಮೂರನೇ ದಿನಕ್ಕೇ ನೂರಿಪ್ಪತ್ತು ಕುರಿ ಇಳಿಸಿದೆ.

ನೀನು ಏರಿ ಮೇಲೆ ಕುಂತು ಹೇಳಿದ್ದು ಈಗ ತಲೆಗೆ ಹತ್ತೈತೆ. ಬಿಸಿಲನ್ನ ಪಾಚಿ ಉಣ್ತೈತೆ, ಪಾಚಿನ ನೀರುಹುಳ, ಹುಳನ ಮರಿಮೀನು, ಅದನ್ನ ದೊಡ್ಡ ಮೀನು, ಕೊಕ್ಕರೆ. ಒಂದೊಂದು ಮೆಟ್ಟಿಲಿಗೂ ಉಂಡ ಕಸುವಲ್ಲಿ ಹತ್ತರಲ್ಲಿ ಒಂದು ಪಾಲಷ್ಟೇ ಮೇಲಕ್ಕೆ ಹೋಗೋದು ಅಂದೆ. "ಹೌದು ಬಿಡು, ಹತ್ತು ಹೊರೆ ಸೊಪ್ಪು ತಿಂದ ಕುರಿಗೆ ಒಂದು ಹೊರೆಯಷ್ಟೂ ಮೈಗೆ ಹತ್ತಲ್ಲ" ಅಂತ ನಾನು ನಕ್ಕಿದ್ದೆ. ನನ್ನ ಔಷಧಿಗೆ ಮೊದಲು ಹೋಗಿದ್ದು ನೀರುಹುಳ. ಮೇಯೋರಿಲ್ಲದ ಪಾಚಿ ಕೊಬ್ಬಿ ನೀರು ಹಸಿರು ಗಂಜಿಯಾಯ್ತು. ರಾತ್ರಿ ಹೊತ್ತು ಪಾಚಿನೂ ಉಸಿರಾಡ್ತೈತೆ ಅಂದಿದ್ಯಲ್ಲ, ನೀರಲ್ಲಿದ್ದ ಉಸಿರೆಲ್ಲ ಅದೇ ಕುಡೀತು. ಬೆಳಗಾಗೋದ್ರೊಳಗೆ ಮೀನು ಉಸಿರುಗಟ್ಟಿ ಸತ್ತವು.

"ಬಾಯಿ ಬಿಟ್ಟರೆ ನಮ್ಮ ಕುರಿಗೆ ಕೆರೆ ಬಂದ್ ಮಾಡ್ತಾರೆ, ಸುಮ್ನಿರು" ಅಂತಾಳೆ ನಿಮ್ಮಮ್ಮ. ಅವಳ ಮಾತೂ ಸುಳ್ಳಲ್ಲ. ಇಷ್ಟು ಕುರಿಗೆ ನೀರು ಎಲ್ಲಿಂದ ತರಲಿ? ಆದ್ರೂ ಪಂಚಾಯ್ತೀಲಿ ಹೇಳೇ ಹೇಳ್ತೀನಿ. ನೀನು ಬರಲೇಬೇಕು. ಪಾಚಿ, ಹುಳ ಅಂತ ನಾನು ಶುರು ಮಾಡಿದ್ರೆ "ಏನಪ್ಪ ಉಗ್ರಪ್ಪ, ಬಿಸಿಲು ನೆತ್ತಿಗೇರ್ತಾ" ಅಂತಾರೆ.

ಪಕ್ಕದ ಮನೆ ತಿಪ್ಪೇಶ ನೀನಿರೋ ದುರ್ಗದ ಬಸ್ಸಿಗೆ ನಿಂತವ್ನೆ, ಅವನ ಕೈಲೇ ಕೊಡ್ತೀನಿ. ಹೊತ್ತೊತ್ತಿಗೆ ಉಣ್ಣು ಮಗಾ. ಬೀರಪ್ಪ ನಿನ್ನ ಕಾಯ್ಲಿ.

ನಿಮ್ಮಪ್ಪ
ಉಗ್ರಪ್ಪ

ತಾ.ಕ.: ಇದನ್ನ ಮೇಲೆ ಬರೆಯೋಕೆ ಕೈ ಬರಲಿಲ್ಲ. ಸೋಮವಾರ ಏರಿ ಮೇಲೆ ಜನ ಸೇರಿದಾಗ "ಇದು ಕಲ್ಲೇಶನದೇ ಕೆಲಸ" ಅಂತ ಮೊದಲು ಅಂದೋನು ನಾನು. ನಿನ್ನೆ ಅವನ ಹೆಂಡತಿ ಸುಮಿತ್ರಾ ಬಂದು ಕೈಮುಗಿದು, "ಅಣ್ಣ, ಊರಲ್ಲಿ ನೀನೊಬ್ಬನಾದ್ರೂ ನಮ್ಮ ಪರ ಮಾತಾಡು" ಅಂದ್ಲು. ಆಗಲವ್ವ ಅಂದೆ.