ಕರಿಹೊಗೆಯ ಕಾರಣಪುರುಷ

ಮಂಗಳವಾರ, ಮಾರ್ಚ್ ೧೧

ನಮ್ಮ ಹಳೇ ಕಾರಿನ ಕರಿಹೊಗೆಗೆ ಕಾರಣ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಒಂದು ತಿಂಗಳಿಂದ ನನ್ನ ಘನ ತೀರ್ಪು ಒಂದೇ: ಹೆಂಡತಿ ಓಡಿಸಲು ಕಲಿತ ಮೇಲೆಯೇ ಕಾರು ಕೆಟ್ಟಿದ್ದು. ಅವಳು ವಾದಕ್ಕಿಳಿಯಲಿಲ್ಲ. ಹದಿನೈದು ದಿನದಿಂದ ಸ್ಟಿಯರಿಂಗ್ ಮುಟ್ಟಿಲ್ಲ, ಅಷ್ಟೇ.

ಇವತ್ತು ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿದ. ಕಾಡಿಗೆಯಲ್ಲಿ ಅದ್ದಿ ತೆಗೆದಂತಿತ್ತು.

“ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ ಕುಡೀತಿದೆ ಸಾರ್,” ಎಂದವನು ಒಳಗೆ ಬಗ್ಗಿ ನೋಡಿ, “ಈ ಚೀಲ ಯಾರದು?” ಎಂದ.

ನನ್ನದೇ. ಕೈಗೆ ಸಿಗಲಿ ಎಂದು ಡ್ಯಾಶ್‌ಬೋರ್ಡಿನ ಗುಂಡಿಗೆ ನೇತುಹಾಕಿದ್ದೆ.

“ಅದು ಚೋಕ್ ಸಾರ್, ಎಳೆದ್ರೆ ಇಂಜಿನ್‌ಗೆ ಗಾಳಿ ಕಮ್ಮಿ ಆಗುತ್ತೆ. ಇಂಜಿನ್ ತಣ್ಣಗಿದ್ದಾಗ ಎರಡು ನಿಮಿಷ ಎಳೆಯೋದು. ಚೀಲದ ಭಾರಕ್ಕೆ ಅದು ಎಳೆದಂಗೇ ಇದೆ. ಯಾರೂ ಹೇಳ್ಲಿಲ್ವಾ?”

ಹೇಳಿದ್ದಳು. “ರೀ, ಆ ಗುಂಡಿ ಎಳ್ಕೊಂಡು ಬರುತ್ತೆ, ಚೀಲ ತೆಗೀರಿ” ಎಂದಿದ್ದಳು. “ಕಾರಿನ ವಿಷಯ ನನಗೆ ಬಿಡು” ಎಂದು ನಾನು ಅಪ್ಪಣೆ ಕೊಡಿಸಿದ್ದೆ.

ಊಟಕ್ಕೆ ಕೂತಾಗ “ಏನಂತೆ?” ಎಂದಳು.

“ಗಾಳಿ ಕಮ್ಮಿಯಂತೆ” ಎಂದೆ. ಮಹಾ ಸತ್ಯವಂತ ನಾನು.

ಈಗ ಕಾರಿನ ಕೀಲಿಯನ್ನು ಅವಳ ಕನ್ನಡಕದ ಪಕ್ಕ ಇಟ್ಟು ಬಂದಿದ್ದೇನೆ. ಬೆಳಗ್ಗೆ ಯಾಕೆ ಎಂದು ಕೇಳುತ್ತಾಳೆ. ಕೇಳದಿದ್ದರೂ ಹೇಳಬೇಕು. ಎಲ್ಲಿಂದ ಶುರು ಮಾಡಲಿ, ಚೀಲದಿಂದಲೋ, ಆ ಅಪ್ಪಣೆಯಿಂದಲೋ…